ಕಪ್‌ಗಳ ಹಿಂದೆ ಸಿಕ್ಕಿಬಿದ್ದ ವೈಫೈ

ಅಲವಿಕ್ಕಾ,

ಕೇಬಲ್‌ನವನಿಗೆ ಬೈದಿದ್ದು ಸಾಕು. ಟೀವಿ ಪೆಟ್ಟಿಗೆಗೆ ನೆಟ್ ಸಿಗದೆ ಇರೋದು ನಿಮ್ಮಿಂದಲೇ. ನೀವು ಏಳೇಳು ಜನ ಆಡೋ ಸೆವೆನ್ಸ್ ಫುಟ್‌ಬಾಲಲ್ಲಿ ಗೆದ್ದ ಒಂಬತ್ತು ಕಪ್‌ಗಳ ಹಿಂದೆ ವೈಫೈ ಡಬ್ಬಿ ಇಟ್ಟರೆ, ಅಷ್ಟು ಲೋಹ ದಾಟಿ ನೆಟ್ ಹೇಗೆ ಬರಬೇಕು?

ಎಲ್ಲಾ ಕೆಳಗಿಳಿಸಿ. ಒಂದೊಂದನ್ನೂ ಒರೆಸಿ ಮುದ್ದಾಡುತ್ತಾ ಕೂರಬೇಡಿ, ನಮ್ಮ ಫೈನಲ್ ನಾಲ್ಕಕ್ಕೇ ಶುರು. ಡಬ್ಬಿ ಆರಿಸಿ, ಹತ್ತು ಎಣಿಸಿ ಹಾಕಿ. ಆಮೇಲೆ ಟೀವಿ ಪೆಟ್ಟಿಗೆಗೂ ಹಾಗೇ ಮಾಡಿ.

ಅಕ್ಕಿ ಪತ್ತಿರಿ ಮಾಡಿ ಮುಚ್ಚಿಟ್ಟಿದ್ದೀನಿ. ಉಮ್ಮನಿಗೆ ತಿನ್ನಿಸಿದ ಮೇಲೆ ಮೆಲ್ಲಗೆ ಹೇಳಿ, ಹಸಿರು ಅಂಗಿ ಹಾಕ್ಕೊಂಡು ಗೋಲ್ ಕಾಯ್ತಿರೋಳು ಅವರ ಸೊಸೇನೇ ಅಂತ. ಬೈದರೆ ಬೈಯಲಿ, ರಿಮೋಟ್ ಮಾತ್ರ ಕೈಗೆ ಕೊಡಬೇಡಿ.

ಕಪ್‌ಗಳನ್ನ ನೀವೊಬ್ಬರೇ ಜೋಡಿಸಬೇಡಿ. ಸಂಜೆ ನಾನು ಬಂದಮೇಲೆ ಜೋಡಿಸೋಣ, ನಡುವೆ ನನ್ನ ಕಪ್.

ಸುಹರಾ