ಬೆಲ್ಟು ತರಬೇಡಿ

ಕರ್ಕಿ
ಆಗಸ್ಟ್ ೨೦೦೩

ವಿನುತಾಳ ಅಪ್ಪನಿಗೆ,

ವಿನುತಾ ಕ್ಷೇಮ. ಫೋನಿನಲ್ಲಿ ನೀವು ಕಾರಿನದ್ದೇ ವಿಚಾರಿಸುವುದರಿಂದ ಅದನ್ನೇ ಮೊದಲು ಬರೆಯುತ್ತೇನೆ. ಗ್ಯಾರೇಜಿನ ದಿನಕರ ಇಂಜಿನ್ನಿನ ಟೈಮಿಂಗ್ ಬೆಲ್ಟು ನೋಡಿದ. "ಅಕ್ಕಾ, ನೋಡೂಕೆ ಚಲೋನೇ ಅದೆ. ಆದ್ರೆ ತುಂಡಾಗೂ ಮೊದ್ಲು ಇದು ಎಂತ ಸದ್ದೂ ಮಾಡೂದಿಲ್ಲ. ತಿಂಗ್ಳು ತಿಂಗ್ಳು ಮಂಗಳೂರಿಗೆ ಹೋಗೂ ಕಾರು, ಈಗ್ಲೇ ಬದಲಿಸೂದು ಒಳ್ಳೇದು" ಎಂದ.

ಮೊನ್ನೆ ಮಂಗಳೂರಿನಲ್ಲಿ, ನನಗೆ ಮುಂದಿನ ಇಂಜೆಕ್ಷನ್ ಯಾವಾಗ ಎಂದು ಡಾಕ್ಟರರನ್ನು ಕೇಳಿದೆ. "ಇನ್ನು ಅಷ್ಟು ದೂರದಿಂದ ಬರುವುದು ಬೇಡಮ್ಮ, ನೋವಿನ ಮಾತ್ರೆ ಹೊನ್ನಾವರದಲ್ಲೇ ಸಿಗುತ್ತದೆ" ಎಂದರು. ಕಾರು ಓಡಿಸುತ್ತಿದ್ದ ನಿಮ್ಮ ತಮ್ಮ ಪ್ರಮೋದ ವಾಪಸು ಬರುವಾಗ ಭಟ್ಕಳ ದಾಟಿದ ಮೇಲೆ, "ಅತ್ತಿಗೆ, ಬೆಲ್ಟಿಂದು ಎಂತ ಮಾಡೂದು?" ಎಂದು ಕೇಳಿದ. ಬೇಡ ಎಂದೆ.

ದೀಪಾವಳಿಗೆ ಮಸ್ಕತ್ತಿನಿಂದ ಬರುವಾಗ ಮುಂಬಯಿಯಲ್ಲಿ ಎರಡು ದಿನ ಉಳಿದು ಬೆಲ್ಟು ಕೊಂಡು ತರುತ್ತೇನೆ ಎಂದಿದ್ದಿರಿ. ಉಳಿಯಬೇಡಿ. ದೀಪಾವಳಿಯ ತನಕ ಕಾಯಲೂ ಬೇಡಿ. ವಿಮಾನ ಇಳಿದವರು ಅಂದಿನ ರೈಲನ್ನೇ ಹತ್ತಿ. ಹೊನ್ನಾವರ ಸ್ಟೇಷನ್ನಿಗೆ ಬಂದು ನಿಮ್ಮನ್ನು ಕರೆದೊಯ್ಯಲು ಹಳೆಯ ಬೆಲ್ಟೇ ಸಾಕಂತೆ, ದಿನಕರನನ್ನು ಕೇಳಿದ್ದೇನೆ.

ಇಂತಿ,
ದುರ್ಗಿ