ಮೂಲೆ ಇಲ್ಲದ ಕಾರ್ಡು

ಸುಲೇಪೇಟ,
ಶ್ರಾವಣ ಶನಿವಾರ, ೧೨-೮-೧೯೭೮

ಪ್ರೀತಿಯ ಮಗಳು ಹಣಮಮ್ಮನಿಗೆ,

ನಿನ್ನವ್ವನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಮೊಮ್ಮಗಳು ಭಾಗಮ್ಮನಿಗೆ ಎಷ್ಟು ಹಲ್ಲು ಬಂದವು? ನೆಗಡಿಯೊಂದು ಬಿಟ್ಟರೆ ನಾನು ಗಟ್ಟಿ ಇದ್ದೇನೆ. ಆ ನೆಗಡಿಗೂ ನೀನೇ ಕಾರಣ.

ಕಾರ್ಡಿನ ಮೂಲೆ ಇಲ್ಲದಿದ್ದರೆ ಸಾವಿನ ಸುದ್ದಿ ಎಂಬುದು ನಿನಗೆ ಗೊತ್ತಿಲ್ಲದ್ದಲ್ಲ. ಬುಧವಾರ ಪೋಸ್ಟಿನ ಅಬ್ದುಲ್ ಮಜೀದ ನಿನ್ನ ಕಾರ್ಡು ಹಿಡಿದು ಹೊಸ್ತಿಲ ಹೊರಗೇ ನಿಂತ. ಮನೆ ಮುಟ್ಟುವುದರೊಳಗೆ ಎಲ್ಲರ ಕಾರ್ಡು ಓದಿ ಮುಗಿಸುವ ಮನುಷ್ಯ ಅಂದು ಓದಿರಲಿಲ್ಲ. ಬೊಂಬಾಯಿ ಮುದ್ರೆ ಇದೆ, ಮೂಲೆ ಇಲ್ಲ. ನನ್ನ ಕೈಯಿಂದ ಹಿಟ್ಟಿನ ಬುಟ್ಟಿ ಬಿತ್ತು. ಓದಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪಕ್ಕದ ಮನೆಯ ಸಾಬಮ್ಮ ಹಾಡಿಕೊಂಡು ಅಳಲು ಕುಳಿತಳು: "ಬಂಗಾರದಂಥಾಕಿ ಇದ್ದೆವ್ವಾ, ನನ್ನ ಜರಡಿ ಬೊಂಬಾಯಿಗಿ ಒಯ್ದು ಹೊಳ್ಳಿ ಕೊಡದಂಗೇ ಹೋದೆಲ್ಲವ್ವಾ." ಓಣಿಯ ಹನ್ನೊಂದು ಮಂದಿ ಬಾವಿಕಟ್ಟೆಗೆ ಹೋಗಿ ತಣ್ಣೀರು ಸುರಿದುಕೊಂಡೆವು. ಕಡೆಗೆ ಮಜೀದನೇ ಕಣ್ಣೊರೆಸಿಕೊಂಡು ಓದಿದ: "ಅವ್ವಾ, ನಾ ಆರಾಮ ಇದ್ದೀನಿ." ಸಾಬಮ್ಮ ಹಸಿ ಸೀರೆಯಲ್ಲೇ ಎದ್ದು ನಿಂತು, "ಆರಾಮಿದ್ರ ಜರಡಿ ಕಳಸಂತ ಬರಿ" ಎಂದಳು.

ಸಾಕು ಎನ್ನುವುದರೊಳಗೆ ಮಜೀದ ಮುಂದಿನದನ್ನೂ ಗಟ್ಟಿಯಾಗಿ ಓದಿಬಿಟ್ಟ. ಗಂಡ ಇನ್ನೊಂದು ಸಂಸಾರ ಮಾಡಿದಾಗಿನಿಂದ ನಿನಗೆ ಎದೆ ಢವಗುಟ್ಟುವುದು, ಚಿಲಕ ಹಾಕಿದೆಯೋ ಇಲ್ಲವೋ ಎಂದು ಹತ್ತು ಸಲ ಏಳುವುದು, ಹೊಲಿಗೆ ಮಿಷನ್ನಿನ ಮುಂದೆ ಕಾರಣವಿಲ್ಲದೆ ಅಳು ಬರುವುದು, ಡಾಕ್ಟರು ಮನಸ್ಸಿನ ಜಡ್ಡು ಎಂದು ಕೊಟ್ಟ ಗುಳಿಗೆ ನುಂಗಲು ಅಂಜಿಕೆ. ಕಡೆಯ ಸಾಲು: "ಇದನ್ನ ಯಾರ ಮುಂದೂ ಹೇಳಬ್ಯಾಡ." ಹನ್ನೊಂದು ಮಂದಿ ಒದ್ದೆ ಬಟ್ಟೆಯಲ್ಲಿ ನಿಂತು ಕೇಳಿದರು.

ಅಂದಿನಿಂದ ಮನೆ ತುಂಬ ಔಷಧ. ಓಣಿಯ ಮಾಶಾಬಿ ದರ್ಗಾದ ತಾಯಿತ ತಂದಿದ್ದಾಳೆ. ಸಾಬಮ್ಮ, "ಇದು ದೃಷ್ಟಿನೇ ಅದ, ಆಕಿ ಕೂದಲಾ ಎಷ್ಟು ಉದ್ದ ಅದ ನೋಡ್ರಿ" ಎಂದು ಉಪ್ಪು ಮೆಣಸಿನಕಾಯಿ ಕಟ್ಟಿಕೊಟ್ಟಿದ್ದಾಳೆ. ನಾನು ಇವತ್ತು ಹಣಮಂತದೇವರ ಮುಂದೆ ಕುಳಿತು, ಗುಳಿಗೆ ನುಂಗಬೇಕೋ ಬೇಡವೋ ಎಂದು ಹೂವು ಕೇಳಿದೆ. ಬಲಗಡೆಯೇ ಬಿತ್ತು. ಎರಡನೆಯ ಸಲವೂ ಬಲಗಡೆಯೇ. ಮೂರನೆಯ ಸಲ ಪೂಜಾರಿ, "ದೇವರಿಗಿ ಭಾಳ ತ್ರಾಸ ಕೊಡಬ್ಯಾಡ್ರಿ" ಎಂದು ಗದರಿದ. ನುಂಗು, ಮಗಳೇ. ನಿಮ್ಮಪ್ಪ ತೀರಿಕೊಂಡ ವರ್ಷ ನನಗೂ ಹೀಗೇ ಆಗಿತ್ತು. ಕಣ್ಣೀರು ಯಾಕೆಂದು ನೀನು ಕೇಳಿದಾಗಲೆಲ್ಲ ಒಲೆಯ ಹೊಗೆ ಎಂದೆ. ಒಲೆ ಆರಿರುತ್ತಿತ್ತು. ಆಗ ಗುಳಿಗೆ ಕೊಡುವವರೂ ಇರಲಿಲ್ಲ, ಕೇಳುವ ಬುದ್ಧಿಯೂ ನನಗಿರಲಿಲ್ಲ. ನಿನಗೆ ಎರಡೂ ಇವೆ.

ಭಾಗಮ್ಮನ ಎರಡೂ ಕೆನ್ನೆಗೆ ನನ್ನ ಮುದ್ದು. ಚಿಲಕವನ್ನು ಹಣಮಂತದೇವರು ನೋಡಿಕೊಳ್ಳಲಿ, ನೀನು ಮಲಗು.

ನಿನ್ನ ಅವ್ವ,
ಭೀಮಬಾಯಿ

ತಾ.ಕ.: ಮೂಲೆಯನ್ನು ಕೂಸು ಹರಿದಿದೆ ಎಂದು ಓಣಿಗೆಲ್ಲ ಹೇಳಿದ್ದೇನೆ, ನಂಬಿದ್ದಾರೆ. ಆದರೆ ಕೂಸಿನ ಕೈ ಅಷ್ಟು ನೆಟ್ಟಗೆ ಹರಿಯುವುದಿಲ್ಲ. ಅದು ಕುಪ್ಪಸ ಹೊಲಿಯುವವಳ ಕತ್ತರಿ. ಬರುವ ಸೋಮವಾರ ಬಿಟ್ಟು ಆಚೆ ಸೋಮವಾರ ವಾಡಿಯಲ್ಲಿ ರೈಲು ಹತ್ತುತ್ತೇನೆ, ದಾದರ ಸ್ಟೇಷನ್ನಿಗೆ ಬಾ. ಎಷ್ಟು ದಿನ ಇರುತ್ತೀ ಎಂದು ಕೇಳಬೇಡ, ರೊಟ್ಟಿಯ ಹಂಚನ್ನೇ ಗಂಟು ಕಟ್ಟಿದ್ದೇನೆ. ಇನ್ನೊಮ್ಮೆ ಕರೆಯಬೇಕಾದರೆ "ಬಾ ಅವ್ವಾ" ಎಂದು ಬರೆದರೆ ಸಾಕು, ಊರಿಗೆಲ್ಲ ತಣ್ಣೀರು ಹಾಕಿಸಬೇಡ.