ಹಿತ್ತಲ ಕೋಣೆಯ ಸ್ವಿಚ್ಚು

೧೪ನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ,

ನಿನ್ನ ಅತ್ತಿಗೆಯ ಆಶೀರ್ವಾದಗಳು. ನೀನೂ ನಿಮ್ಮ ಯಜಮಾನರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ. ಬೈಯಲೇಬೇಕು ಅಂದರೆ ಇದನ್ನು ಪೂರ್ತಿ ಓದಿದ ಮೇಲೆ ಬೈ. ಫೋನಿನಲ್ಲಿ ಹೇಳೋಣ ಅಂದರೆ ನಿಮ್ಮಣ್ಣನಿಗೆ ಕೇಳಿಸುತ್ತೆ. ಅವರ ಶ್ವಾಸಕೋಶ ಕೆಟ್ಟಿದೆಯೇ ಹೊರತು ಕಿವಿ ಕೆಟ್ಟಿಲ್ಲ. ನಾನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಮುಚ್ಚಳ ತೆಗೆದರೆ ಹಾಸಿಗೆಯಿಂದಲೇ "ಒಂದೇ ಚಮಚ" ಅಂತಾರೆ.

ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಎದೆ ತುಂಬ ಮರದ ಪುಡಿ, ಇನ್ನು ಧೂಳಿನ ಗಾಳಿ ಕೂಡ ಸೋಕಬಾರದು ಅಂತ. ಇಲ್ಲಿ ಮನೆಗೂ ಮರಗೆಲಸದ ಶೆಡ್ಡಿಗೂ ಒಂದೇ ಗೋಡೆ. ಶೆಡ್ಡು ಮುಚ್ಚಿದರೆ ಉಣ್ಣೋದೇನು? ಅದಕ್ಕೇ ನಮ್ಮ ಮಗ ಹಿತ್ತಲ ತುದಿಯಲ್ಲಿ, ನಿಂಬೆ ಗಿಡದ ಪಕ್ಕ, ಅಪ್ಪನಿಗೆ ಅಂತ ಒಂದು ಮರದ ಕೋಣೆ ಕಟ್ಟಿದ್ದಾನೆ. ಮುದ್ದಾಗಿದೆ. ನಿಮ್ಮಣ್ಣ ಕುರ್ಚಿ ಹಾಕಿಸಿಕೊಂಡು ಕೂತು ಒಂದೊಂದು ಮೊಳೆಗೂ ತಪ್ಪು ಹುಡುಕಿದರು. ಕೋಣೆ ಆಯಿತು, ಈಗ ಅದಕ್ಕೆ ಕರೆಂಟು ಎಳೆಯಬೇಕು. ನನ್ನ ಜೀವ ಹೋಗ್ತಿರೋದು ಅಲ್ಲೇ.

ಮೂಗಿಗೆ ಕೊಳವೆ ಹಾಕುವ ಆ ಉಸಿರಿನ ಮಷೀನು ಈಗ ಹಗಲೂ ಬೇಕು, ರಾತ್ರಿಯೂ ಬೇಕು. ಹೋದ ವಾರ ಕರೆಂಟು ಹೋಗಿ ಅದು ನಿಂತಿತು ನೋಡು, ತುಟಿ ನೀಲಿ ತಿರುಗಿಬಿಟ್ಟಿತು. ಸಿಲಿಂಡರ್ ಜೋಡಿಸೋಣ ಅಂದರೆ ನನಗೆ ಕೈಕಾಲೇ ಆಡಲಿಲ್ಲ. ಮಗ ಓಡಿ ಬಂದು ಜೋಡಿಸಿದ. ಇಲ್ಲಿ ಪಕ್ಕದಲ್ಲಿರೋದಕ್ಕೆ ಗೊತ್ತಾಯಿತು, ಸರಿ. ಅಲ್ಲಿ ಹಿತ್ತಲ ಕೊನೆಯಲ್ಲಿ ನಿಂತರೆ ನನಗೆ ಯಾರು ಹೇಳ್ತಾರೆ? "ನಾನೂ ಅಲ್ಲೇ ಮಲಗ್ತೀನಿ" ಅಂದರೆ, "ಇಬ್ಬರಿಗೆ ಜಾಗ ಎಲ್ಲಿದೆ, ಆ ಮಷೀನಿನ ಗುರ್ ಗುರ್ ಇಲ್ಲದೆ ನೀನಾದರೂ ಮನೇಲಿ ನಿದ್ದೆ ಮಾಡು" ಅಂತ ಗದರುತ್ತಾರೆ.

ನಿನ್ನೆ ವೈರಿಂಗ್ ಮಾಡೋನು ಬಂದಿದ್ದ. ನಾಲ್ಕು ಸಲ ಕರೆದರೆ ಒಂದು ಸಲ ಬರೋ ಆಸಾಮಿ. ಅದಕ್ಕೇ ನಿಮ್ಮಣ್ಣ ಅವನಿಗೆ ಮಿಂಚು ಅಂತ ಹೆಸರಿಟ್ಟಿದ್ದಾರೆ. ಆದರೆ ಬಂದರೆ ಕೆಲಸ ಗಟ್ಟಿ. ಮಗ ಮರ ಕೊಯ್ಯೋ ಮಷೀನು ಹಾಕಿದಾಗ ಮನೆಯ ಲೈಟೆಲ್ಲ ಮಂಕಾಗೋದನ್ನು ನೋಡಿ, "ಕೋಣೆಗೆ ಬೇರೆಯೇ ಲೈನು ಬೇಕಮ್ಮಾ" ಅಂದ. ಮೊಣಕಾಲುದ್ದ ಗುಂಡಿ ತೋಡಿ, ಪೈಪಿನೊಳಗೆ ಕೇಬಲ್ ಬಿಡ್ತಾನಂತೆ. ಶಾಕ್ ಹೊಡೆದರೆ ತಾನೇ ಆಫ್ ಆಗೋ ಪೆಟ್ಟಿಗೆ ಹಾಕ್ತೀನಿ ಅಂದ. "ಅದು ತಾನೇ ಆಫ್ ಆದರೆ ಇವರ ಗತಿ ಏನಪ್ಪಾ?" ಅಂದೆ. ಅವನು ನಗಲಿಲ್ಲ. ಮಷೀನಿಗೇ ಒಂದು, ದೀಪ ಫ್ಯಾನಿಗೆ ಒಂದು ಅಂತ ಬೇರೆ ಬೇರೆ ಕೊಡ್ತೀನಿ, ಕರೆಂಟು ಹೋದರೆ ಬ್ಯಾಟರಿ ಇರುತ್ತೆ, ಯಾವ ಕಾರಣಕ್ಕೆ ಮಷೀನು ನಿಂತರೂ ನಿಮ್ಮ ಅಡುಗೆಮನೆಯಲ್ಲಿ ಗಂಟೆ ಹೊಡೆಯುತ್ತೆ ಅಂದ. ಆ ಗಂಟೆಯ ಮಾತು ಕೇಳಿದ ಮೇಲೇ ನಾನು ಕೂತು ನೀರು ಕುಡಿದದ್ದು.

ನಿಮ್ಮಣ್ಣ ಬಿಡ್ತಾರಾ? "ನಿಮ್ಮಮ್ಮ ಟಾರ್ಚ್ ಹಾಕೋಕೂ ಚಪ್ಪಲಿ ಮೆಟ್ಟೋಳು" ಅಂತ ಮಗನ ಮುಂದೆ ಆಡಿಕೊಂಡರು. ನಗೋಕೆ ಹೋಗಿ ಕೆಮ್ಮು ಬಂತು. ಹೌದು, ನನಗೆ ಕರೆಂಟು ಅಂದರೆ ಭಯ. ಈಗ ಅದು ಇದ್ದರೂ ಭಯ, ಇಲ್ಲದಿದ್ದರೂ ಭಯ.

ಜಗಳ ಆದದ್ದು ಸ್ವಿಚ್ಚಿನ ವಿಷಯಕ್ಕೆ. ಮಷೀನಿನ ಸ್ವಿಚ್ಚು ಬಾಗಿಲ ಹತ್ತಿರ ಎತ್ತರದಲ್ಲಿ ಇರಲಿ, ನಿದ್ದೆಗಣ್ಣಲ್ಲಿ ಕೈ ತಾಕಬಾರದು ಅಂತ ನಾನು. ಹಾಸಿಗೆ ಪಕ್ಕದಲ್ಲೇ ಬೇಕು ಅಂತ ಅವರು. "ನನ್ನ ಕೋಣೆ, ನನ್ನ ಸ್ವಿಚ್ಚು. ಅದಕ್ಕೂ ಇನ್ನೊಬ್ಬರನ್ನ ಕೂಗಬೇಕಾ?" ಅಂತ ಮುಖ ಕೆಂಪು ಮಾಡಿಕೊಂಡರು. ಮಿಂಚು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನೋ ಹಾಗೆ, ಪಕ್ಕದಲ್ಲೇ ಇಟ್ಟು ಮೇಲೊಂದು ಮುಚ್ಚಳ ಹಾಕ್ತೀನಿ ಅಂದ. ನಾನು ಸೋತೆ. ಜೀವನವಿಡೀ ಯಾರ ಹತ್ತಿರವೂ ಒಂದು ಲೋಟ ನೀರು ಕೇಳದ ಮನುಷ್ಯ, ಪಾಪ, ಇಷ್ಟಾದರೂ ಅವರ ಕೈಯಲ್ಲಿರಲಿ ಅನ್ನಿಸಿತು.

ಶುಕ್ರವಾರ ಲೈನು ಎಳೀತಾರೆ. ನಿನ್ನ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡ. ನೀವಿಬ್ಬರೂ ತಣ್ಣಗಿರಿ, ನಿಮ್ಮ ಮನೆಯ ದೀಪ ಸದಾ ಉರಿಯುತ್ತಿರಲಿ.

ಇಂತಿ ನಿನ್ನ,
ಅತ್ತಿಗೆ

ಮರೆತಿದ್ದು: ಮರೆತದ್ದಲ್ಲ, ಈಗ ತಿಳಿದದ್ದು. ಕಾಗದ ಮಡಿಸಿಟ್ಟಿದ್ದೆ. ಮಿಂಚು ಬಂದ. ಯಾರೂ ಕರೆಯದೇ ಬಂದ. "ಒಳಗೆ ಬರಲ್ಲಮ್ಮಾ, ಮೇಸ್ತ್ರಿಗೆ ಕೇಳಿಸುತ್ತೆ" ಅಂತ ಗೇಟಿನ ಹತ್ತಿರವೇ ನಿಂತ. ನಿಮ್ಮಣ್ಣನನ್ನು ಅವನು ಕರೆಯೋದು ಮೇಸ್ತ್ರಿ ಅಂತಲೇ. ನಿನ್ನೆ ನಾನು ಅಂಗಡಿಗೆ ಹೋಗಿದ್ದಾಗ ನಿಮ್ಮಣ್ಣ ಅವನಿಗೆ ಹೇಳಿದರಂತೆ: "ಆ ಗಂಟೆಗೂ ಒಂದು ಸ್ವಿಚ್ಚು ಕೊಡಪ್ಪ, ಮಷೀನಿನ ಸ್ವಿಚ್ಚಿನ ಪಕ್ಕದಲ್ಲೇ. ಅವಳು ನೆಟ್ಟಗೆ ನಿದ್ದೆ ಮಾಡಿ ವರ್ಷವಾಯಿತು. ಮಲಗಿದ್ದಾಗ ಎಬ್ಬಿಸೋದು ಬೇಡ." ಇವನು "ನಿಮ್ಮ ಪ್ರೀತೀನೇ ಪ್ರೀತಿ ಮೇಸ್ತ್ರೀ" ಅಂತ ನಕ್ಕು ಹೂಂ ಅಂದುಬಿಟ್ಟನಂತೆ. ಇವತ್ತು ಎರಡು ಸ್ವಿಚ್ಚನ್ನೂ ಒಂದೇ ಬೋರ್ಡಿಗೆ ಜೋಡಿಸ್ತಾ ಕೂತಾಗ ಕೈ ನಿಂತುಹೋಯಿತಂತೆ. "ಮೊದಲು ಗಂಟೆ ಆಫ್, ಆಮೇಲೆ ಮಷೀನು. ಎರಡೂ ಯಾಕೆ ಬೇಕು ಅಂತ ಆಗ ಹೊಳೀತಮ್ಮಾ" ಅಂದ. ಬೋರ್ಡನ್ನು ನನ್ನ ಕೈಗೆ ಕೊಟ್ಟು ತಲೆ ತಗ್ಗಿಸಿ ಹೋದ.

ಬೋರ್ಡು ಈಗ ಬೀರುವಿನಲ್ಲಿ ಬಟ್ಟೆಗಳ ಕೆಳಗಿದೆ. ಕರೆಂಟಿಲ್ಲದ ಬೋರ್ಡು ಗುಬ್ಬಿ, ಆದರೂ ಅದನ್ನು ಮುಟ್ಟೋಕೆ ನಾನು ಚಪ್ಪಲಿ ಹಾಕಿಕೊಂಡೆ. ಜಾಗ ಇರಲಿ ಬಿಡಲಿ, ಶುಕ್ರವಾರದಿಂದ ನನ್ನ ಹಾಸಿಗೆ ಆ ಕೋಣೆಯ ನೆಲದ ಮೇಲೆ. ಮಗನಿಗೆ ಇನ್ನೂ ಹೇಳಿಲ್ಲ. ತಾನೇ ಕಟ್ಟಿದ ಕೋಣೆ ಅಂತ ಅವನು ಕುಸಿದುಹೋಗ್ತಾನೆ.

ಅಪ್ಪ ಅಮ್ಮ ಇಲ್ಲದ ನಿನಗೆ ಜಡೆ ಹಾಕಿ ಬೆಳೆಸಿದವರು ಅವರು. ಈ ಲೋಕದಲ್ಲಿ ಅವರು ಹೆದರೋದು ನಿನಗೆ ಒಬ್ಬಳಿಗೇ. ನಾನು ಬಾಯಿ ತೆಗೆದರೆ ಬರೀ ಜಗಳವಾಗುತ್ತೆ. ನೀನು ಬಂದು ಹೇಳು: ಅವಳಿಗೆ ನಿದ್ದೆ ಬೇಡ ಅಣ್ಣ, ನೀನು ಬೇಕು ಅಂತ. ಬೇಗ ಬಾ.